ಸೈಟ್ ವರ್ಡ್ಸ್: ಬಾಯಿಪಾಠಕ್ಕಿಂತ ಮೊದಲು ಕಿವಿ

"ಮೇಡಂ, ನಮ್ ಹುಡುಗಿ ಸ್ಪೆಲಿಂಗ್ ಎಲ್ಲಾ ಬಾಯಿಲೇ ಹೇಳ್ತಾಳ್ರಿ, ಬರಿ ಅಂದ್ರ ಬರಂಗಿಲ್ರಿ."

ಕಲಬುರಗಿಯಲ್ಲಿ ಯುಕೆಜಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಾನು ಪೋಷಕರಿಂದ ಅತಿ ಹೆಚ್ಚು ಕೇಳಿದ ಮಾತಿದು. ಅವರ ದೂರು ನಿಜ. ‘ಎಸ್ ಎ ಐ ಡಿ, ಸೆಡ್’ ಎಂದು ಕ್ಲಾಸಿಗೆ ಕ್ಲಾಸೇ ಕೂಗುವಾಗ ಮಗುವಿನ ಕಣ್ಣು ಬೋರ್ಡಿನ ಮೇಲೆ ಇರುವುದಿಲ್ಲ. ರಾಗ ಉಳಿಯುತ್ತದೆ, ಅಕ್ಷರ ಉಳಿಯುವುದಿಲ್ಲ. ಅದಕ್ಕೇ ನನ್ನ ಕ್ಲಾಸಿನಲ್ಲಿ ಸ್ಪೆಲಿಂಗ್ ಕೂಗಿಸುವುದನ್ನು ಬಿಟ್ಟು, ಪದವನ್ನು ಮೊದಲು ಕಿವಿಯಿಂದ ಒಡೆಯುವುದನ್ನು ಹಿಡಿದಿದ್ದೇನೆ.

ಸೈಟ್ ವರ್ಡ್ಸ್ ಅಂದರೆ ದಿ, ಈಸ್, ವಾಸ್, ಸೆಡ್, ಯೂ ಇಂಥವು. ಯಾವ ಪುಟ ತೆರೆದರೂ ಇರುತ್ತವೆ, ಕಂಡ ಕೂಡಲೇ ಓದಲು ಬರಬೇಕು. ಅಮೆರಿಕದ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ 220 ಪದಗಳ ಪಟ್ಟಿ ಇವತ್ತಿಗೂ ಚಾರ್ಟುಗಳಲ್ಲಿ ಓಡಾಡುತ್ತಿದೆ. ಆ ಪಟ್ಟಿಯಲ್ಲಿರುವುದು ಮಕ್ಕಳ ಓದಿನಲ್ಲಿ ಮತ್ತೆ ಮತ್ತೆ ಬರುವ ಪದಗಳು. ಯಾವುದಾದ ಮೇಲೆ ಯಾವುದನ್ನು ಕಲಿಸಬೇಕು ಅನ್ನುವುದನ್ನು ನಾವೇ ಯೋಚಿಸಬೇಕು.

ನಾನು ಜೋಡಿಸುವುದು ಹೀಗೆ. ಇನ್, ಇಟ್, ಆನ್, ಅಪ್, ಕ್ಯಾನ್, ನಾಟ್ ಇವನ್ನು ನೆನಪಿಡುವ ಅಗತ್ಯವೇ ಇಲ್ಲ, ಅಕ್ಷರದ ಸದ್ದು ಗೊತ್ತಿದ್ದರೆ ಸಾಕು. ಹಿ, ಶಿ, ವಿ, ಮಿ, ಬಿ ಒಂದು ಗುಂಪು. ಗೋ, ನೋ, ಸೋ ಇನ್ನೊಂದು. ಈಸ್, ಹಿಸ್, ಹ್ಯಾಸ್ ಮೂರರಲ್ಲೂ ಕೊನೆಯ ಎಸ್ ‘ಜ಼್’ ಅನ್ನುತ್ತದೆ. ಮನೆಯಲ್ಲಿ ದಖನಿ (ನಮ್ಮ ಕಡೆಯ ಉರ್ದು) ಮಾತಾಡುವ ಮಕ್ಕಳ ನಾಲಿಗೆಯ ಮೇಲೆ ಈ ಸದ್ದು ಮೊದಲೇ ಕೂತಿರುತ್ತದೆ. ಅವರನ್ನೇ ಮುಂದೆ ನಿಲ್ಲಿಸಿ ಹೇಳಿಸುತ್ತೇನೆ, ಉಳಿದವರು ಅವರನ್ನು ನೋಡಿ ಕಲಿಯುತ್ತಾರೆ. ಇಂಗ್ಲಿಷಿನ ಪೀರಿಯಡ್‌ನಲ್ಲಿ ಮನೆಮಾತು ಹೀಗೆ ಕೈಹಿಡಿಯುವುದು ನನಗೆ ಬಹಳ ಇಷ್ಟ. ಈ ಗುಂಪು ಗಟ್ಟಿಯಾದ ಮೇಲೆ ‘ವಾಸ್’ ತಂದರೆ ನಡುವಿನ ಎ ಒಂದೇ ಹೊಸದು. ಹೀಗೆ ಸೋಸುತ್ತಾ ಹೋದರೆ ನಿಜವಾಗಿ ತೊಡಕಿನ ಪದಗಳು ಕೆಲವೇ ಉಳಿಯುತ್ತವೆ.

ಕನ್ನಡದ ಮಕ್ಕಳಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. ನಮ್ಮ ‘ಬ’ದೊಳಗೆ ಒಂದು ‘ಅ’ ಇದೆ. ಬಿ ಅಕ್ಷರದ ಸದ್ದನ್ನು ‘ಬ’ ಅಂತ ಕಲಿತ ಮಗು ‘ಬಿಗ್’ ಓದುವಾಗ ‘ಬ-ಇ-ಗ’ ಅಂದು ಅಲ್ಲೇ ನಿಂತುಬಿಡುತ್ತದೆ. ‘ಬ್’, ‘ಗ್’ ಎಂದು ಅರ್ಧಕ್ಕೇ ನಿಲ್ಲಿಸಿ ಹೇಳಿಸಿದರೆ ಸದ್ದುಗಳು ತಾವಾಗಿ ಕೂಡಿಕೊಳ್ಳುತ್ತವೆ. ಮೊದಲ ಕೆಲವು ವಾರ ಇದೊಂದನ್ನೇ ಮಾಡಿದರೂ ನಷ್ಟವಿಲ್ಲ.

ಈಗ ‘ಸೆಡ್’. ಪಾಟಿಯ ಮೇಲೆ ಮೂರು ಚೌಕ, ಕೈಯಲ್ಲಿ ಮೂರು ಬಾಟಲಿ ಮುಚ್ಚಳ. (ತೊಗರಿ ಕಾಳು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಸಿಗುತ್ತದೆ, ಆದರೆ ಈ ವಯಸ್ಸಿನವರು ಮೂಗಿಗೆ ಹಾಕಿಕೊಂಡಾರು, ಬೇಡ.) ಪುಸ್ತಕ ಮುಚ್ಚಿರಬೇಕು. ‘ಸ್’ ಅಂದಾಗ ಒಂದು ಮುಚ್ಚಳ, ‘ಎ’ ಅಂದಾಗ ಒಂದು, ‘ಡ್’ ಅಂದಾಗ ಒಂದು. ಆಮೇಲೆ ಮುಚ್ಚಳ ತೆಗೆದು ಅಕ್ಷರ ಬರೆಯುವುದು. ಮೊದಲನೆಯದೂ ಕೊನೆಯದೂ ಮಕ್ಕಳು ತಾವೇ ಬರೆಯುತ್ತಾರೆ. ನಡುವಿನ ಚೌಕದಲ್ಲಿ a, i ಎರಡನ್ನೂ ಕೆಂಪು ಸೀಮೆಸುಣ್ಣದಿಂದ ಬರೆದು, "ಇಲ್ಲಿ ಇಬ್ರೂ ಕೂಡಿ ‘ಎ’ ಅಂತಾರ" ಅನ್ನುತ್ತೇನೆ. ನೆನಪಿಡಬೇಕಾದದ್ದು ಆ ಕೆಂಪು ಭಾಗ ಮಾತ್ರ. ನಾಲ್ಕು ಅಕ್ಷರ ಉರು ಹೊಡೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಐದು ವರ್ಷದ ಬೆರಳಿಗೆ ಪೆನ್ಸಿಲ್ ಇನ್ನೂ ಭಾರ. ನಮ್ಮ ವರಾಂಡಕ್ಕೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿದೆ, ಅದೇ ನನ್ನ ದೊಡ್ಡ ಬೋರ್ಡು. ಒಂದೊಂದು ಪರಸಿಯ ಮೇಲೆ ಒಂದೊಂದು ಪದ ಬರೆದು, ನಾನು ಹೇಳಿದ್ದರ ಮೇಲೆ ಜಿಗಿಯಲು ಹೇಳುತ್ತೇನೆ. ಬೇಸಿಗೆ ಹತ್ತಿರ ಬಂದಾಗ ಬೆರಳನ್ನು ನೀರಿಗೆ ಅದ್ದಿ ಬರೆಸುತ್ತೇನೆ. ನಮ್ಮ ಬಿಸಿಲಿಗೆ ನೀರು ಆರುವುದು ಬಹಳ ಬೇಗ, ಆರುವುದರೊಳಗೆ ಓದಬೇಕು. ಆರಿದ ಮೇಲೆ ಅದೇ ಜಾಗದಲ್ಲಿ ನೆನಪಿನಿಂದ ಇನ್ನೊಮ್ಮೆ ಬರೆಯಬೇಕು. ಸ್ಪೆಲಿಂಗ್ ಕೂರುವುದು ಈ ಎರಡನೇ ಸಲ ಬರೆಯುವಾಗ. ನೋಡಿಕೊಂಡು ಹತ್ತು ಸಲ ಬರೆಸುವ ಕಾಪಿ ಕೆಲಸದಲ್ಲಿ ನನಗೆ ನಂಬಿಕೆ ಇಲ್ಲ.

‘ವಾಸ್’ (was), ‘ಸಾ’ (saw) ಎರಡನ್ನೂ ಒಂದೇ ವಾರ ಕೊಡಬೇಡಿ. ಅವೇ ಮೂರು ಅಕ್ಷರ ತಿರುಗುಮುರುಗಾಗಿರುವುದರಿಂದ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ.

ವಾರಕ್ಕೆ ಹೊಸ ಪದ ಮೂರು ಸಾಕು, ಹಳೆಯವು ದಿನಾ ಬೆರೆತು ಬರುತ್ತಿರಲಿ. ಮನೆಗೆ ಕಳಿಸುವುದು ಪಟ್ಟಿಯನ್ನಲ್ಲ, ಒಂದು ಸಣ್ಣ ವಾಕ್ಯದ ಚೀಟಿ. ‘ಹಿ ಸೆಡ್ ನೋ’ ಎಂಬಷ್ಟಿದ್ದರೂ ನಡೆಯುತ್ತದೆ. ಇಂಗ್ಲಿಷ್ ಬಾರದ ಅವ್ವ, ಅಜ್ಜಿಯರು "ನಾವೇನ್ ಕಲಸೂಣ್ರಿ?" ಎಂದು ಹಿಂಜರಿಯುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: "ಮಗು ಓದೂವಾಗ ಅದರ ಬೆರಳು ಪದದ ಕೆಳಗ ಐತಿಲ್ಲೋ ಅಷ್ಟ್ ನೋಡ್ರಿ. ಆಮ್ಯಾಲ ಚೀಟಿ ಮುಚ್ಚಿ, ಒಂದ್ ಪದ ಬರಿ ಅನ್ರಿ. ಸರಿ ಐತೋ ಇಲ್ಲೋ, ಚೀಟಿ ತೆಗದು ಅದಾ ನೋಡ್ಕೋತದ."