ಅಜ್ಜಿ ಹೊರಗೆ ಬಂದರೆ ಮನೆಯೇ ಹೊರಗೆ: ನನ್ನ ಕಿಕ್‌ಸ್ಲೆಡ್ ಅನುಭವ

ಕಿಕ್‌ಸ್ಲೆಡ್, ಅಂದರೆ ಕಾಲಿಂದ ಒದ್ದು ಓಡಿಸುವ ಜಾರುಗಾಡಿ, ತರಿಸೋಣ ಎಂದಾಗ ನಕ್ಕವರೇ ಈಗ ಎರಡು ದಿನಕ್ಕೆ ಕೊಡ್ತೀರಾ ಅಂತ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಕೆನಡಾದ ನೋವಾ ಸ್ಕೋಶಿಯಾದಲ್ಲಿ, ಕೇಪ್ ಬ್ರೆಟನ್ ದ್ವೀಪದಲ್ಲಿ. ಇಲ್ಲಿನ ಮೂಲನಿವಾಸಿಗಳಾದ ಮಿಗ್ಮಾ ಜನ ಇದನ್ನು ಉನಾಮಾಗಿ ಅನ್ನುತ್ತಾರೆ. ಎಸ್ಕಸೋನಿ, ಮೆಂಬರ್ಟೂ, ಪೊಟ್ಲೊಟೆಕ್ ಸೇರಿ ಅವರ ಐದು ಊರುಗಳು ಇಲ್ಲಿವೆ. ಅದರಲ್ಲೊಂದು ಊರಿನಲ್ಲಿ ಆಟ, ವ್ಯಾಯಾಮದ ಕೆಲಸ ನನ್ನದು. ಮೈಸೂರಿನಿಂದ ಓದೋಕೆ ಬಂದವನು ಇಲ್ಲೇ ಉಳಿದೆ.

ಹಾಕಿಗೆ, ಅಂದರೆ ಐಸ್ ಹಾಕಿಗೆ, ಇಲ್ಲಿ ಪ್ರಚಾರ ಬೇಕಿಲ್ಲ. ಮಿಗ್ಮಾ ಕುಶಲಿಗರು ಕೆತ್ತಿದ ಹಾಕಿ ಸ್ಟಿಕ್‌ಗಳು ಒಂದು ಕಾಲಕ್ಕೆ ಕೆನಡಾದ ದೂರದೂರದ ಊರುಗಳಿಗೂ ಹೋಗುತ್ತಿದ್ದವು. ನನ್ನ ತಲೆನೋವು ಹಾಕಿ ಆಡದವರದು: ಅಮ್ಮಂದಿರು, ವಯಸ್ಸಾದವರು, ಸ್ಕೇಟ್ ಕೊಳ್ಳಲಾಗದ ಮನೆಯ ಮಕ್ಕಳು.

ಮೊದಲು ಜುಂಬಾ ಎಂಬ ಕುಣಿತದ ವ್ಯಾಯಾಮ ಮಾಡಿಸಿದೆವು. ಹೊರಗಿನಿಂದ ಟೀಚರ್, ಗಂಟೆಗೆ 60-70 ಡಾಲರ್. ಮೊದಲ ವಾರ ಹಾಲ್ ತುಂಬಿತು. ತಿಂಗಳಾಗುವಷ್ಟರಲ್ಲಿ ಮೂರ್ನಾಲ್ಕು ಜನ, ಅದರಲ್ಲೂ ಅರ್ಧ ನಮ್ಮ ಆಫೀಸಿನವರೇ. ಆಮೇಲೆ ಹೆಜ್ಜೆ ಎಣಿಸುವ ಸ್ಪರ್ಧೆ. ಕೈಪಟ್ಟಿಗಳಿಗೇ ಎರಡು ಸಾವಿರ ಡಾಲರ್ ಹತ್ತಿರ ಹೋಯಿತು. ಬಹುಮಾನ ಕೊಟ್ಟ ಮರುದಿನವೇ ಅವೆಲ್ಲ ಡ್ರಾಯರ್ ಸೇರಿದವು. ಹಿಮದ ಮೇಲೆ ನಡೆಯೋಕೆ ಕಾಲಿಗೆ ಕಟ್ಟುವ ಸ್ನೋಶೂ ಕೊಂಡರೆ ನೆಲದ ಮೇಲೆ ಹಿಮವೇ ಉಳಿಯಲಿಲ್ಲ. ಇಲ್ಲಿ ಬೆಳಿಗ್ಗೆ ಹಿಮ, ಮಧ್ಯಾಹ್ನ ಮಳೆ, ರಾತ್ರಿ ಎಲ್ಲ ಹೆಪ್ಪುಗಟ್ಟಿ ಗಾಜು.

ಆ ಗಾಜಿನ ಮೇಲೇ ಓಡುವುದು ಕಿಕ್‌ಸ್ಲೆಡ್. ಮುಂದೆ ಕುರ್ಚಿ, ಕೆಳಗೆ ಉದ್ದದ ಉಕ್ಕಿನ ಪಟ್ಟಿಗಳು. ಹಿಂದೆ ನಿಂತವರು ಒಂದು ಕಾಲು ಪಟ್ಟಿಯ ಮೇಲಿಟ್ಟು ಇನ್ನೊಂದರಿಂದ ನೆಲ ಒದೆಯಬೇಕು. ಒಂದಕ್ಕೆ 350ರಿಂದ 400 ಡಾಲರ್. ಆರು ತರಿಸಿದೆವು. ಡಿಪಾಸಿಟ್ ಇಲ್ಲ, ಫಾರಂ ಇಲ್ಲ, ಬೇಕಾದವರು ಒಯ್ಯಬಹುದು ಎಂದೆ. ವಾರದಲ್ಲಿ ಎಲ್ಲ ಮಾಯ ಆಗುತ್ತೆ ಅಂದರು. ಒಂದೂ ಕಳೆದಿಲ್ಲ. ಅವು ಹೇಗೆ ವಾಪಸ್ ಬರುತ್ತವೆ ಅನ್ನುವ ಗುಟ್ಟು ಇಲ್ಲಿ ಬೇಡ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಕೈಹಿಡಿದದ್ದು ಮಾತ್ರ ಕುರ್ಚಿ. ಜಾರುವ ಭಯಕ್ಕೆ ಚಳಿಗಾಲವಿಡೀ ಒಳಗೇ ಇರುತ್ತಿದ್ದ ಅಜ್ಜಿಯರು ಕಂಬಳಿ ಹೊದ್ದು ಕೂತರು. ತಳ್ಳೋಕೆ ಮೊಮ್ಮಕ್ಕಳು ಬೇಕಲ್ವಾ? ಅವರ ಹಿಂದೆ ಅಮ್ಮಂದಿರು. ಒಬ್ಬ ಹಿರಿಯರು ಸರೋವರದ ದಡದ ಹತ್ತಿರ ಸ್ಲೆಡ್ ನಿಲ್ಲಿಸಿ, ಹಾವುಮೀನು ಚಳಿಗಾಲದಲ್ಲಿ ಯಾವ ಕೆಸರಲ್ಲಿ ಹುದುಗಿರುತ್ತದೆ, ಮಂಜುಗಡ್ಡೆ ಕೊರೆದು ಈಟಿಯಿಂದ ಹೇಗೆ ತಿವಿಯಬೇಕು ಅಂತ ತೋರಿಸುತ್ತಿದ್ದರು. ಹುಡುಗರು ಫೋನ್ ಜೇಬಲ್ಲಿಟ್ಟು ಕೇಳಿದರು. ಬ್ರಾಡೋರ್ ಸರೋವರದ ನೀರು ಅರೆ ಉಪ್ಪು, ಅದರ ಮಂಜುಗಡ್ಡೆ ನಂಬುವಂಥದ್ದಲ್ಲ. ಎಲ್ಲಿ ಇಳಿಯಬಹುದು ಅನ್ನುವುದು ಹಿರಿಯರ ತೀರ್ಮಾನ. ಬೇಡ ಅಂದರೆ ಬಾಲ್ ಮೈದಾನಕ್ಕೆ ತಿರುಗುತ್ತೇವೆ.

ಅನುದಾನದವರ ತಕರಾರು ಬೇರೆ. ಅವರ ಫಾರಂನಲ್ಲಿ, ಕುರ್ಚಿಯಲ್ಲಿ ಕೂತವರಿಗೆ ಕಾಲಂ ಇಲ್ಲ, ಬೆವರು ಸುರಿಸಿದವರಷ್ಟೇ ಲೆಕ್ಕ. ಕೊನೆಗೆ ತಳ್ಳಿದವರ ಹೆಸರಷ್ಟೇ ಬರೆದು ಕಳಿಸಿದೆ. ಅದೇ ನಲವತ್ತು ಐವತ್ತು ದಾಟಿತ್ತು, ಜುಂಬಾದ ಹತ್ತು ಪಟ್ಟು! ಹಣ ಬಂತು, ಆದರೆ ಅಷ್ಟು ಹೊತ್ತಿಗೆ ಹಿಮ ಕರಗಿ ಏಪ್ರಿಲ್ ಆಗಿತ್ತು.

ಮಳೆ ಬಿಡದ ಸಂಜೆಗಳಲ್ಲಿ ಮಿಗ್ಮಾ ಜನರ ದಾಳದ ಆಟ ವಾಲ್ಟೆಸ್ ಪ್ರಯತ್ನಿಸಿದೆವು. ನಮ್ಮ ಚೌಕಾಬಾರದ ದೂರದ ನೆಂಟ ಅನ್ನಿ. ಮರದ ಬಟ್ಟಲಲ್ಲಿ ಮೂಳೆಯ ಆರು ಚಪ್ಪಟೆ ದಾಳ, ಮಡಿಸಿದ ಕಂಬಳಿಯ ಮೇಲೆ ಬಟ್ಟಲನ್ನು ದಬ್ ಅಂತ ಕುಟ್ಟಬೇಕು. ಐದೋ ಆರೋ ಒಂದೇ ಮಗ್ಗುಲಾಗಿ ಬಿದ್ದರೆ ಎಣಿಕೆ ಕಡ್ಡಿ ಸಿಗುತ್ತದೆ. ವ್ಯಾಯಾಮ ಅಂತ ಕೇಳಬೇಡಿ, ಆದರೂ ಗಂಟೆ ಕುಟ್ಟಿದರೆ ಭುಜ ನೋಯುತ್ತದೆ. ಜೊತೆಗೆ ಮಿಗ್ಮಾ ಜನರ ಕೋಜುವಾ ಕುಣಿತ ಸೇರಿಸಿದ ಮೇಲೆ ಜುಂಬಾಕ್ಕೆ ಬಾರದವರೂ ಬಂದರು. ಕಲಿಸಿದ್ದು ಊರಿನವರೇ, ಖರ್ಚು ಬರೀ ಚಹಾ ಮತ್ತು ಲುಸ್ಕಿನಿಗನ್ ರೊಟ್ಟಿಗೆ.

ಮಾಡುವವರಿಗೆ ಒಂದು ಮಾತು: ಸುಮ್ನೆ ಸ್ಲೆಡ್ ಕೊಂಡರೆ ಸಾಲದು, ಸಾಗಿಸೋಕೆ ವ್ಯಾನ್ ಬೇಕು. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್ ಮತ್ತು ಪೆಟ್ರೋಲ್‌ಗೇ ಹೋಗುತ್ತದೆ. ಬೇಸಿಗೆಗೆ ಸ್ಲೆಡ್ ಅಡಿಗೆ ಚಕ್ರ ಕಟ್ಟಿ ನೋಡಿದೆವು. ಇಳಿಜಾರಲ್ಲಿ ಬ್ರೇಕ್ ಇಲ್ಲದೆ ಒಬ್ಬ ಹುಡುಗ ಪೊದೆಗೆ ನುಗ್ಗಿದ, ಮೈಗೆ ಏನೂ ಆಗಲಿಲ್ಲ. ಬ್ರೇಕ್ ಹಾಕುವ ವೆಲ್ಡರ್ ಸಿಕ್ಕಿದ್ದಾರೆ, ರೇಟ್ ಮಾತ್ರ ಇನ್ನೂ ಕುದುರಿಲ್ಲ.