ಹಲ್ಲು ಕಡಿಯುವುದೇಕೆ? ಕಾರಣ ಹುಡುಕುವ ಬಗೆ

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ತಾವು ಹಲ್ಲು ಕಡಿಯುತ್ತಿದ್ದೇವೆ ಎಂಬುದು ಬಹುಮಟ್ಟಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ. ಕಾಳು ಹಾಕದೆ ಬೀಸುವ ಕಲ್ಲನ್ನು ತಿರುಗಿಸಿದಂಥ ಆ ಸದ್ದಿಗೆ ನಡುರಾತ್ರಿ ಎಚ್ಚರವಾಗಿ, ಬೆಳಿಗ್ಗೆ ಅದನ್ನು ಹೇಳಿದರೆ ‘ನಾನೇ? ಇಲ್ಲವೇ ಇಲ್ಲ’ ಎಂಬ ಉತ್ತರ ಕೇಳಿದವರು ಅನೇಕ ಮನೆಗಳಲ್ಲಿದ್ದಾರೆ. ಒಬ್ಬರೇ ಮಲಗುವವರಿಗಂತೂ ಹಲ್ಲಿನ ಚೂರು ಹಾರಿದಾಗಲೋ ತುಂಬಿಸಿದ ಸಿಮೆಂಟ್ ಪದೇ ಪದೇ ಬಿದ್ದಾಗಲೋ ದಂತವೈದ್ಯರು ಹೇಳಿಯೇ ವಿಷಯ ತಿಳಿಯಬೇಕು.

ವೈದ್ಯರು ಇದನ್ನು ಬ್ರಕ್ಸಿಸಂ ಎನ್ನುತ್ತಾರೆ. ಹಲ್ಲು ಕಡಿಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ಹೆಸರು ತಿಳಿದ ಕೂಡಲೇ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ‘ಯಾವ ಗಾರ್ಡ್ (ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಹಾಕಿಕೊಳ್ಳಬೇಕು?’ ಎಂಬುದು. ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಇಲ್ಲಿ ಪೆಟ್ಟು ತಿನ್ನುವುದು ಹಲ್ಲು, ಆದರೆ ಕೆಲಸ ಶುರುವಾಗುವುದು ಹಲ್ಲಿನಲ್ಲಲ್ಲ. ಅದು ಎಲ್ಲಿ, ಯಾವ ಹೊತ್ತಿನಲ್ಲಿ ಶುರುವಾಗುತ್ತದೆ ಎಂಬುದನ್ನು ಹಂತ ಹಂತವಾಗಿ ಪತ್ತೆಮಾಡಿಕೊಂಡರೆ ಚಿಕಿತ್ಸೆಯ ದಾರಿ ಅರ್ಧ ಸವೆದಂತೆ.

ಹಂತ 1: ಹಗಲೋ ಇರುಳೋ ಗೊತ್ತುಮಾಡಿಕೊಳ್ಳಿ

ಕನ್ನಡದಲ್ಲಿ ಹಲ್ಲು ಕಡಿಯುವುದು ಬೇರೆ, ಅವುಡುಗಚ್ಚುವುದು ಬೇರೆ. ಮೊದಲನೆಯದರಲ್ಲಿ ಕೆಳದವಡೆ ಅತ್ತಿತ್ತ ಉಜ್ಜಾಡುತ್ತದೆ, ಸದ್ದಾಗುತ್ತದೆ. ಎರಡನೆಯದರಲ್ಲಿ ದವಡೆ ಬಿಗಿದು ನಿಲ್ಲುತ್ತದೆ, ಸದ್ದಿರುವುದಿಲ್ಲ. ವೈದ್ಯಶಾಸ್ತ್ರ ಈ ಎರಡನ್ನೂ ಬ್ರಕ್ಸಿಸಂ ಎಂದೇ ಕರೆದರೂ, ನಿದ್ದೆಯಲ್ಲಿ ನಡೆಯುವುದು ಮತ್ತು ಎಚ್ಚರದಲ್ಲಿ ನಡೆಯುವುದು ಎಂದು ಅದನ್ನು ಎರಡಾಗಿ ವಿಂಗಡಿಸುತ್ತದೆ. 2013ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿಕೊಂಡ ಈ ವಿಂಗಡಣೆಯನ್ನು 2018ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಲಾಯಿತು. ಬೇರೆ ತೊಂದರೆಯಿಲ್ಲದ ಆರೋಗ್ಯವಂತರಲ್ಲಿ ಇದನ್ನು ಕಾಯಿಲೆ ಎನ್ನುವುದಕ್ಕಿಂತ ದವಡೆಯ ಸ್ನಾಯುಗಳ ಒಂದು ಚಟುವಟಿಕೆ ಎಂದು ತಿಳಿಯಬೇಕು, ಹಲ್ಲಿಗೋ ದವಡೆಯ ಕೀಲಿಗೋ ಹಾನಿಯಾಗುವ ಸಂಭವವಿದ್ದಲ್ಲಿ ಮಾತ್ರ ಅದು ಚಿಂತೆಯ ವಿಷಯ ಎಂಬುದು ಆಗ ಮೂಡಿದ ಒಮ್ಮತ.

ಎಚ್ಚರದಲ್ಲಿ ನಡೆಯುವುದು ಹೆಚ್ಚಾಗಿ ಅವುಡುಗಚ್ಚುವಿಕೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತಾಗ, ಕಂಪ್ಯೂಟರಿನ ಮುಂದೆ ಲೆಕ್ಕ ತಾಳೆಯಾಗದಿರುವಾಗ, ಸೂಜಿಗೆ ದಾರ ಪೋಣಿಸುವಾಗ ದವಡೆ ತಾನಾಗಿ ಬಿಗಿಯುತ್ತದೆ. ಊಟ ಮತ್ತು ನುಂಗುವಿಕೆಯನ್ನೆಲ್ಲ ಸೇರಿಸಿದರೂ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬೇಕಾದದ್ದು ದಿನಕ್ಕೆ ಹೆಚ್ಚುಕಡಿಮೆ 20 ನಿಮಿಷ ಮಾತ್ರ. ಉಳಿದ ಹೊತ್ತಿನಲ್ಲಿ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಬಿಡುವಿರಬೇಕು. ಈ ಸಾಲು ಓದುತ್ತಿರುವಾಗ ನಿಮ್ಮ ಹಲ್ಲುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಮೊದಲ ಸುಳಿವು ಸಿಕ್ಕಿತೆಂದೇ ತಿಳಿಯಬಹುದು.

ಹಂತ 2: ಕುರುಹುಗಳನ್ನು ಕಲೆಹಾಕಿ

ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ: ಎದ್ದಾಗ ದವಡೆ ಬಿಗಿದಿತ್ತೇ, ಕಣತಲೆ ನೋಯುತ್ತಿತ್ತೇ, ಹಿಂದಿನ ಸಂಜೆ ಕಾಫಿ, ಮದ್ಯ, ಸಿಗರೇಟು ಎಷ್ಟಾಯಿತು, ನಿದ್ದೆ ಹೇಗಿತ್ತು. ಬೆಳಿಗ್ಗೆ ಹೆಚ್ಚಾಗಿದ್ದು ಹೊತ್ತೇರಿದಂತೆ ಇಳಿಯುವ ನೋವು ಇರುಳಿನ ಕಡಿತದತ್ತ ಬೆರಳು ತೋರಿಸುತ್ತದೆ. ಬೆಳಿಗ್ಗೆ ಹಗುರವಾಗಿದ್ದು ಸಂಜೆಗೆ ಏರುವ ನೋವು ಹಗಲಿನ ಬಿಗಿತದತ್ತ. ಮೊಬೈಲನ್ನು ತಲೆದಿಂಬಿನ ಬಳಿ ಇಟ್ಟು ರಾತ್ರಿ ಸದ್ದು ದಾಖಲಿಸಿಕೊಂಡರೆ ಗೊರಕೆಯೂ ಅದರೊಳಗೆ ಸಿಕ್ಕಿಬೀಳುತ್ತದೆ. ಗೊರಕೆ ಏಕೆ ಮುಖ್ಯವೆಂಬುದನ್ನು ಮುಂದೆ ನೋಡೋಣ.

ಆಮೇಲೆ ಕನ್ನಡಿಯ ಮುಂದೆ ನಿಲ್ಲಿ. ಕೋರೆಹಲ್ಲಿನ ಮೊನೆ ಬೋಳಾಗಿದೆಯೇ, ದವಡೆ ಹಲ್ಲುಗಳ ಉಬ್ಬುತಗ್ಗು ಸವೆದು ಸಪಾಟಾಗಿದೆಯೇ, ನಾಲಿಗೆಯ ಅಂಚಿನಲ್ಲಿ ಹಲ್ಲುಗಳ ಅಚ್ಚು ಮೂಡಿದೆಯೇ, ಕೆನ್ನೆಯ ಒಳಗೋಡೆಯಲ್ಲಿ ಹಲ್ಲು ಕೂಡುವ ಮಟ್ಟಕ್ಕೆ ಬಿಳಿಯ ಗೆರೆ ಎದ್ದಿದೆಯೇ ಎಂದು ನೋಡಿಕೊಳ್ಳಿ. ಕೆಳದವಡೆಯ ಮೂಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿದರೆ ಉಬ್ಬುವ ಗಟ್ಟಿ ಸ್ನಾಯು ಮ್ಯಾಸೆಟರ್. ಹಲ್ಲು ಬಿಟ್ಟ ಮೇಲೆ ಅದನ್ನು ಒತ್ತಿದಾಗ ನೋಯುತ್ತಿದ್ದರೆ ಅದೂ ಒಂದು ಕುರುಹು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸವೆದ ಹಲ್ಲೆಲ್ಲ ಕಡಿದ ಹಲ್ಲಲ್ಲ. ವರ್ಷಗಟ್ಟಲೆ ಎಲೆ ಅಡಿಕೆ ಜಗಿದವರ ದವಡೆ ಹಲ್ಲುಗಳೂ ಸಪಾಟಾಗಿರುತ್ತವೆ. ಹುಳಿತೇಗು ಬರುವವರಲ್ಲಿ, ತಂಪು ಪಾನೀಯ ಹೆಚ್ಚು ಕುಡಿಯುವವರಲ್ಲಿ ಆಮ್ಲವು ಹಲ್ಲಿನ ಹೊರಪದರವಾದ ಎನಾಮೆಲನ್ನು ಕರಗಿಸಿ ಸಣ್ಣ ಬಟ್ಟಲಿನಂಥ ಗುಳಿ ಮಾಡುತ್ತದೆ. ಇದ್ದಿಲು, ಉಪ್ಪುಪುಡಿ ಹಾಕಿ ಗಸಗಸ ಉಜ್ಜುವವರಿಗೆ ವಸಡಿನ ಅಂಚಿನಲ್ಲಿ ಹಲ್ಲು ಕೊರೆದಂತಾಗುತ್ತದೆ. ಕಡಿತದ ಸವೆತಕ್ಕೆ ಬೇರೆಯದೇ ಗುರುತಿದೆ: ಮೇಲಿನ ಹಲ್ಲಿನ ನುಣುಪಾದ ಸಪಾಟು ಜಾಗ ಕೆಳಗಿನದಕ್ಕೆ ಮುಚ್ಚಳದಂತೆ ಸರಿಯಾಗಿ ಕೂರುತ್ತದೆ. ಆದರೆ ಅದು ಹತ್ತು ವರ್ಷದ ಹಿಂದಿನ ಸವೆತವೋ ಈಗಲೂ ನಡೆಯುತ್ತಿರುವುದೋ ಎಂಬುದನ್ನು ಹಲ್ಲೊಂದನ್ನೇ ನೋಡಿ ಹೇಳಲಾಗದು. ಆದ್ದರಿಂದಲೇ ರೋಗಿಯ ಮಾತು ಮಾತ್ರ ಇದ್ದರೆ ‘ಇರಬಹುದು’, ವೈದ್ಯರ ಪರೀಕ್ಷೆಯೂ ಸೇರಿದರೆ ‘ಬಹುಶಃ ಇದೆ’, ನಿದ್ರಾ ಪ್ರಯೋಗಾಲಯದಲ್ಲಿ ಸ್ನಾಯುವಿನ ವಿದ್ಯುತ್ ಸಂಕೇತ ದಾಖಲಾದರೆ ‘ಖಚಿತ’ ಎಂದು ತಜ್ಞರು ಮೂರು ಮೆಟ್ಟಿಲು ಮಾಡಿಕೊಂಡರು.

ಹಂತ 3: ನಿದ್ದೆಯೊಳಗೆ ನಡೆಯುವುದನ್ನು ಅರಿತುಕೊಳ್ಳಿ

ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿರುವುದೇ ಕಡಿತಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯಿಂದ ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಉಜ್ಜಿ ‘ಸರಿಪಡಿಸಿದ್ದೂ’ ಉಂಟು. ನಿದ್ದೆಯನ್ನು ಯಂತ್ರಗಳಿಂದ ಅಳೆಯಲು ಸಾಧ್ಯವಾದ ಮೇಲೆ ಚಿತ್ರ ಬದಲಾಯಿತು.

ಕಡಿತ ಹೆಚ್ಚಾಗಿ ನಡೆಯುವುದು ಗಾಢ ನಿದ್ದೆಯಲ್ಲಲ್ಲ, ತೆಳು ನಿದ್ದೆಯಲ್ಲಿ. ಮಲಗಿದವರು ಕಣ್ಣು ತೆರೆಯದಿದ್ದರೂ ಮೆದುಳು ಕೆಲವು ಕ್ಷಣ ಅರೆಎಚ್ಚರಕ್ಕೆ ಬರುತ್ತದೆ. ಇಂಥ ಕಿರುಎಚ್ಚರ ಎಲ್ಲರಿಗೂ ರಾತ್ರಿಯಲ್ಲಿ ಹಲವು ಸಲ ಆಗುತ್ತದೆ. ಕಡಿಯುವವರಲ್ಲಿ ಆಗ ನಡೆಯುವುದಕ್ಕೆ ಒಂದು ಕ್ರಮವಿದೆ: ಮೊದಲು ಮೆದುಳಿನ ಅಲೆಗಳು ಚುರುಕಾಗುತ್ತವೆ, ಹೃದಯದ ಬಡಿತ ಏರುತ್ತದೆ, ಬಳಿಕ ದವಡೆ ತೆರೆಯುವ ಸ್ನಾಯುಗಳು ಅಲುಗುತ್ತವೆ, ಎಲ್ಲಕ್ಕಿಂತ ಕೊನೆಗೆ ದವಡೆ ಮುಚ್ಚುವ ಸ್ನಾಯುಗಳು ಜಗಿಯುವ ಲಯದಲ್ಲಿ, ಸೆಕೆಂಡಿಗೆ ಒಂದರಂತೆ, ಬಿಗಿದು ಸಡಿಲುತ್ತವೆ. ಹಲ್ಲಿಗೆ ಹಲ್ಲು ತಾಗಿ ಸದ್ದು ಬರುವ ಹೊತ್ತಿಗೆ ಮೂಲ ಘಟನೆ ಆಗಲೇ ಆಗಿಹೋಗಿರುತ್ತದೆ. ಹಲ್ಲು ಕಡಿಯದ ಆರೋಗ್ಯವಂತರಲ್ಲಿಯೂ ಸುಮಾರು ಶೇ 60ರಷ್ಟು ಜನರ ದವಡೆ ನಿದ್ದೆಯಲ್ಲಿ ಹೀಗೆ ಲಯಬದ್ಧವಾಗಿ ಅಲುಗುವುದು ಕಂಡುಬಂದಿದೆ. ಕಡಿಯುವವರಲ್ಲಿ ಅದು ಪದೇ ಪದೇ ಆಗುತ್ತದೆ, ಬಲವಾಗಿ ಆಗುತ್ತದೆ, ವ್ಯತ್ಯಾಸ ಅಷ್ಟೇ.

ನಿದ್ದೆಯನ್ನು ತುಂಡುತುಂಡು ಮಾಡುವ ಯಾವುದೇ ಸಂಗತಿ ಕಡಿತಕ್ಕೆ ಗೊಬ್ಬರ ಹಾಕುತ್ತದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಹಂತ 4: ನಿಮ್ಮ ಕಾರಣಗಳನ್ನು ಗುರುತಿಸಿ

ಮಾನಸಿಕ ಒತ್ತಡವನ್ನು ಎಲ್ಲರೂ ಮೊದಲು ಹೆಸರಿಸುತ್ತಾರೆ. ಹಗಲಿನ ಅವುಡುಗಚ್ಚುವಿಕೆಯಲ್ಲಿ ಅದರ ಪಾತ್ರ ದೊಡ್ಡದೇ. ಇರುಳಿನ ಕಡಿತದಲ್ಲಿ ನಂಟು ಅಷ್ಟು ನೇರವಲ್ಲ; ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಒಂದೇ ಉಪದೇಶ ಕೊಟ್ಟು ಕಳಿಸುವುದು ನನಗೆ ಸರಿಕಾಣದು.

ಕಾಫಿಯಿಂದ ಶುರುಮಾಡುವುದು ಸುಲಭ. ದೇಹದಲ್ಲಿ ಸೇರಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಪಾಲು ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ. ಮದ್ಯ ನಿದ್ದೆ ತರಿಸಿದಂತೆ ಕಂಡರೂ ರಾತ್ರಿಯ ಎರಡನೆಯ ಭಾಗವನ್ನು ಕೆದಕುತ್ತದೆ. ತಂಬಾಕಿನ ನಿಕೋಟಿನ್ ನರಗಳನ್ನು ಕೆರಳಿಸುತ್ತದೆ. ಈ ಮೂರೂ ಇರುಳಿನ ಕಡಿತವನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ಆಧಾರಗಳಿವೆ.

ಔಷಧಿಗಳ ವಿಷಯ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಖಿನ್ನತೆ, ಆತಂಕಗಳಿಗೆ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಹಲ್ಲು ಕಡಿಯುವುದನ್ನು ಹೊಸದಾಗಿ ಆರಂಭಿಸುತ್ತವೆ. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ದವಡೆ ನೋವು ಕಾಣಿಸಿಕೊಂಡಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರಿಗೇ ಹೇಳಬೇಕು. ಅವರು ಪ್ರಮಾಣ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವಾಗಿ ನಿಲ್ಲಿಸಬಾರದು.

ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುವುದು, ಎಂಟು ಗಂಟೆ ಮಲಗಿದರೂ ಹಗಲಿನಲ್ಲಿ ತೂಕಡಿಕೆ – ಇವು ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾದ ಲಕ್ಷಣಗಳು. ಕಡಿತದ ಜೊತೆಗೆ ಇವೂ ಇದ್ದರೆ ದಂತವೈದ್ಯರಿಗಿಂತ ಮೊದಲು ನಿದ್ರಾ ಪರೀಕ್ಷೆ ಮಾಡುವ ವೈದ್ಯರನ್ನು ಕಾಣುವುದು ಲೇಸು, ಏಕೆಂದರೆ ಉಸಿರಿನ ತೊಂದರೆ ಹೃದಯಕ್ಕೂ ರಕ್ತದೊತ್ತಡಕ್ಕೂ ಹೊರೆ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೇರುವುದಕ್ಕೂ ಇರುಳಿನ ಕಡಿತಕ್ಕೂ ನಂಟಿದೆ. ಅಂಥವರಲ್ಲಿ ಆಮ್ಲ ಮೆತ್ತಗಾಗಿಸಿದ ಹಲ್ಲನ್ನು ಕಡಿತ ಇನ್ನೂ ಬೇಗ ಸವೆಸುತ್ತದೆ. ಇದು ವಂಶದಲ್ಲಿ ಹರಿದುಬರುವುದೂ ಉಂಟು: ಅಪ್ಪ ಕಡಿಯುತ್ತಿದ್ದರೆ ಮಗನೂ ಕಡಿಯುವ ಸಾಧ್ಯತೆ ಹೆಚ್ಚು.

ಹಂತ 5: ಮಕ್ಕಳ ವಿಷಯದಲ್ಲಿ ಆತುರ ಬೇಡ

ಮಗು ಹಲ್ಲು ಕಡಿದರೆ ‘ಹೊಟ್ಟೆಯಲ್ಲಿ ಹುಳುವಾಗಿದೆ’ ಎನ್ನುವುದು ನಮ್ಮ ಕಡೆಯ ಅಜ್ಜಿಯಂದಿರ ಖಚಿತ ತೀರ್ಮಾನ. ಈ ನಂಟಿಗೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಹುಳುವಿನ ಮಾತ್ರೆ ಬೇಡವೆಂದು ಇದರರ್ಥವಲ್ಲ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲನ್ನು ಹಲ್ಲು ಕಡಿಯಲಿ ಬಿಡಲಿ ಕೊಡಿಸಲೇಬೇಕು. ಮಾತ್ರೆ ನುಂಗಿದ ಮೇಲೂ ಕಡಿತ ಮುಂದುವರಿದರೆ ಮತ್ತೆ ಮತ್ತೆ ಮಾತ್ರೆ ಹಾಕುವುದು ಮಾತ್ರ ತಪ್ಪು.

ಮಕ್ಕಳಲ್ಲಿ ಕಡಿತ ದೊಡ್ಡವರಿಗಿಂತ ಸಾಮಾನ್ಯ, ಬೆಳೆಯುತ್ತಾ ತಾನಾಗಿ ಕಡಿಮೆಯಾಗುವುದೇ ಹೆಚ್ಚು. ಸವೆಯುವ ಹಾಲುಹಲ್ಲು 6ರಿಂದ 12 ವರ್ಷದೊಳಗೆ ಬಿದ್ದೇಹೋಗುತ್ತದೆ. ದವಡೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಗಾರ್ಡ್ ಹಾಕಿಸುವುದೂ ರೂಢಿಯಲ್ಲ. ಆದರೆ ಮಗು ಬಾಯಿ ತೆರೆದು ಮಲಗುತ್ತಿದ್ದರೆ, ಗೊರಕೆ ಹೊಡೆಯುತ್ತಿದ್ದರೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂಬದಿಯ ಅಡೆನಾಯ್ಡ್ ಊದಿವೆಯೇ ಎಂದು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ಹಂತ 6: ಹಗಲಿನ ಬಿಗಿತವನ್ನು ಬಿಡಿಸಿ

ಇದು ನಿಮ್ಮ ಕೈಯಲ್ಲೇ ಇರುವ ಭಾಗ. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಹಿಂಬದಿಯ ಅಂಗುಳಿಗೆ, ‘ನ’ ಎನ್ನುವಾಗ ತಾಗುವ ಜಾಗಕ್ಕೆ, ಮೃದುವಾಗಿ ತಾಗಿಸಿ, ತುಟಿ ಮುಚ್ಚಿ, ಹಲ್ಲು ಬಿಡಿಸಿಟ್ಟುಕೊಳ್ಳಿ. ಫೋನ್ ಗಂಟೆಗೊಮ್ಮೆ ಸದ್ದು ಮಾಡುವಂತೆ ಇಟ್ಟುಕೊಂಡು ಪ್ರತಿ ಸಲವೂ ದವಡೆಯನ್ನು ವಿಚಾರಿಸಿಕೊಳ್ಳಬೇಕು. ಕೆಲವು ವಾರಗಳಲ್ಲಿ ಸದ್ದಿಲ್ಲದೆಯೂ ಗಮನ ಹೋಗತೊಡಗುತ್ತದೆ. ನೋವಿರುವಾಗ ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಹಿತ. ನಿಪ್ಪಟ್ಟು, ಹುರಿಗಡಲೆ, ಚೂಯಿಂಗ್ ಗಮ್‌ಗಳನ್ನು ಕೆಲವು ದಿನ ಬದಿಗಿಡಿ. ಆಗ ಮುದ್ದೆಯಂಥ ಊಟ ಮತ್ತೊಂದಿಲ್ಲ, ಅದನ್ನು ಹೇಗೂ ನುಂಗುವುದೇ ಹೊರತು ಅಗಿಯುವುದಲ್ಲವಲ್ಲ!

ಹಂತ 7: ಗಾರ್ಡ್ ಬೇಕೇ ಎಂದು ಈಗ ಕೇಳಿ

ಹಲ್ಲು ಸವೆಯುತ್ತಿದ್ದರೆ, ಚೂರು ಹಾರುತ್ತಿದ್ದರೆ, ಹಾಕಿಸಿದ ಕ್ಯಾಪ್ ಒಡೆಯುತ್ತಿದ್ದರೆ ಬೇಕು. ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಸದ್ದು ಮಾತ್ರ ಇದ್ದು ಹಾನಿಯೇನೂ ಕಾಣದಿದ್ದರೆ ಕಾಯಬಹುದು. ಗಾರ್ಡ್ ಕಡಿತವನ್ನು ನಿಲ್ಲಿಸುವುದಿಲ್ಲ. ಮಳೆಯಲ್ಲಿ ಕೊಡೆ ಮಾಡುವ ಕೆಲಸವನ್ನಷ್ಟೇ ಅದು ಮಾಡುತ್ತದೆ: ಸವೆತವನ್ನು ಹಲ್ಲಿನ ಬದಲು ತಾನು ಹೊರುತ್ತದೆ. ದಂತವೈದ್ಯರು ಅಚ್ಚು ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿಕೊಡುವುದು ಒಳ್ಳೆಯದು. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಆಕಾರ ಕೊಡುವ ಮೆತ್ತನೆಯ ಅಗ್ಗದ ಗಾರ್ಡ್ ಕೆಲವರಲ್ಲಿ ಜಗಿಯುವ ಚಪಲವನ್ನೇ ಹೆಚ್ಚಿಸುತ್ತದೆ. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿನಲ್ಲಿ ಇದನ್ನು ಮಾಡಿಸಿಕೊಳ್ಳಬಹುದು. ಸ್ಲೀಪ್ ಆಪ್ನಿಯಾ ಇರುವ ಅನುಮಾನವಿದ್ದರೆ ಅಚ್ಚು ತೆಗೆಯುವ ಮೊದಲೇ ಹೇಳಿ. ಕೆಲವರಲ್ಲಿ ಮೇಲಿನ ಹಲ್ಲಿನ ಗಾರ್ಡ್ ಉಸಿರಿನ ತೊಂದರೆಯನ್ನು ಹೆಚ್ಚಿಸಬಹುದು.

ಬೊಟುಲಿನಮ್ ಚುಚ್ಚುಮದ್ದು ಸ್ನಾಯುವಿನ ಬಲವನ್ನು ಕೆಲವು ತಿಂಗಳು ತಗ್ಗಿಸುತ್ತದೆ; ಉಳಿದ ದಾರಿಗಳು ಫಲಿಸದಿದ್ದಾಗ ಮಾತ್ರ ಅದರ ಯೋಚನೆ. ಹಲ್ಲುಗಳನ್ನು ಉಜ್ಜಿ ‘ಕಚ್ಚುವಿಕೆ ಸರಿಪಡಿಸಿದರೆ’ ಕಡಿತ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಇನ್ನೊಬ್ಬ ದಂತವೈದ್ಯರ ಅಭಿಪ್ರಾಯ ಕೇಳಿ, ಉಜ್ಜಿದ ಹಲ್ಲು ಮರಳಿ ಬರುವುದಿಲ್ಲ.

ಗಾರ್ಡನ್ನು ಬೆಳಿಗ್ಗೆ ತಣ್ಣೀರಿನಲ್ಲಿ ಬ್ರಷ್ಷಿನಿಂದ ತೊಳೆಯಬೇಕು, ಬಿಸಿನೀರು ತಾಗಿಸಿದರೆ ಆಕಾರ ಕೆಡುತ್ತದೆ. ದಂತವೈದ್ಯರ ಬಳಿ ಹೋಗುವಾಗಲೆಲ್ಲ ಅದನ್ನೂ ಎರಡು ವಾರದ ಬರಹದ ಪುಸ್ತಕವನ್ನೂ ಜೊತೆಗೊಯ್ಯಿರಿ. ಗಾರ್ಡಿನ ಮೇಲೆ ಹೊಸ ಗೀರುಗಳು ಎಲ್ಲಿ, ಎಷ್ಟು ಆಳವಾಗಿ ಬಿದ್ದಿವೆ ಎಂಬುದನ್ನು ನೋಡಿದರೆ ಕಡಿತ ಈಗಲೂ ನಡೆಯುತ್ತಿದೆಯೋ ಇಲ್ಲವೋ ಎಂಬುದು ಅವರಿಗೆ ತಿಳಿಯುತ್ತದೆ.