ಆಟ, ಹಾಡು, ಹಕ್ಕಿಯ ದನಿ: ಧ್ವನಿಮುದ್ರಣಕ್ಕೆ ಕಡಿಮೆ ಖರ್ಚಿನ ಮೆಮೊರಿ ಕಾರ್ಡ್ ಆರಿಸುವ ಬಗೆ

ಹೊನ್ನಾವರ ತಾಲೂಕಿನ ಗುಂಡಬಾಳಾದಲ್ಲಿ ಹರಕೆಗಾಗಿ ಆಡಿಸುವ ಯಕ್ಷಗಾನ ಆಟವನ್ನಾಗಲಿ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಹಾಡನ್ನಾಗಲಿ, ಮಳೆಗಾಲದ ರಾತ್ರಿ ಶಿರಸಿಯ ಗದ್ದೆಯಂಚಿನ ಕಪ್ಪೆಗಳ ದನಿಯನ್ನಾಗಲಿ ರೆಕಾರ್ಡರಿನಲ್ಲಿ ಹಿಡಿದಿಡಲು ಹೊರಟವರಿಗೆ ಅಂಗಡಿಯಲ್ಲಿ ಸಿಗುವ ಮೊದಲ ಸಲಹೆ, ಹೆಚ್ಚು ವೇಗದ ದುಬಾರಿ ಕಾರ್ಡ್ ಕೊಳ್ಳಿ ಎಂಬುದು. ವಿಡಿಯೊಗೆ ಆ ಸಲಹೆ ಸರಿ. ಧ್ವನಿಗೆ ಅದರ ಅಗತ್ಯವಿಲ್ಲ.

ಲೆಕ್ಕ ಹಾಕಿ ನೋಡೋಣ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದ ಸ್ಟೀರಿಯೊ ವೇವ್ (ಧ್ವನಿಯನ್ನು ಕುಗ್ಗಿಸದೆ ಇಡುವ) ಕಡತಕ್ಕೆ ಸೆಕೆಂಡಿಗೆ 288 ಕಿಲೋಬೈಟ್, ಅಂದರೆ ಗಂಟೆಗೆ ಸುಮಾರು 1 ಜಿಬಿ ಜಾಗ ಸಾಕು. ಕ್ಲಾಸ್ 10 ಗುರುತಿನ ಸಾಧಾರಣ ಕಾರ್ಡ್ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯಬಲ್ಲುದು. ಇದು ನಮಗೆ ಬೇಕಾದುದರ ಮೂವತ್ತು ಪಟ್ಟಿಗೂ ಹೆಚ್ಚು. 32 ಜಿಬಿಯ ಒಂದು ಕಾರ್ಡಿನಲ್ಲಿ ಸುಮಾರು 30 ಗಂಟೆಯ ಧ್ವನಿ, ಅಂದರೆ ರಾತ್ರಿಯಿಡೀ ನಡೆಯುವ ಮೂರು ಆಟಗಳು ಹಿಡಿಸುತ್ತವೆ.

ಆದ್ದರಿಂದ ದೊಡ್ಡದೊಂದನ್ನು ಕೊಳ್ಳುವ ಬದಲು 32 ಜಿಬಿಯ ಎರಡು ಕಾರ್ಡುಗಳನ್ನು ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಮುಂದುವರಿಯುತ್ತದೆ. ಅಲ್ಲದೆ ಜೂಮ್ ಎಚ್1ಎನ್, ಜೂಮ್ ಎಚ್5 ಮುಂತಾದ ರೆಕಾರ್ಡರುಗಳು 32 ಜಿಬಿಯವರೆಗಿನ ಕಾರ್ಡುಗಳಿಗಷ್ಟೇ ಹೊಂದುವಂತೆ ಬಂದಿವೆ. ಹಳೆಯ ಉಪಕರಣವನ್ನು ಕಡಿಮೆ ಬೆಲೆಗೆ ಕೊಂಡವರು ಕೈಪಿಡಿಯಲ್ಲಿ ಈ ಮಿತಿಯನ್ನು ಮೊದಲು ನೋಡಬೇಕು. ಈ ಕಾರ್ಡುಗಳಲ್ಲಿ ಒಂದು ಕಡತ 4 ಜಿಬಿ ಮೀರಲಾರದು, ಕೆಲವು ರೆಕಾರ್ಡರುಗಳಲ್ಲಿ 2 ಜಿಬಿಯೇ ಗಡಿ. ಹಾಗಾಗಿ ದೀರ್ಘ ಮುದ್ರಣವು ಎರಡು ಅಥವಾ ನಾಲ್ಕು ಗಂಟೆಗೊಮ್ಮೆ ತುಂಡಾಗುತ್ತದೆ. ತುಂಡಾಗುವ ಜಾಗದಲ್ಲಿ ಧ್ವನಿ ತಪ್ಪುತ್ತದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಭಾಗವತರ ಪದ್ಯ ನಡುವೆ ತಪ್ಪಿಹೋದ ಮೇಲೆ ಅದು ಗೊತ್ತಾಗುವಂತಾಗಬಾರದು.

ಹಣ ಉಳಿಸುವಾಗ ಎಚ್ಚರ ತಪ್ಪಬಾರದ ಸಂಗತಿಯೊಂದಿದೆ: ನಕಲಿ ಕಾರ್ಡು. ಮೇಲೆ 128 ಜಿಬಿ ಎಂದು ಬರೆದಿದ್ದರೂ ಒಳಗೆ ಅದರ ಸ್ವಲ್ಪ ಭಾಗವಷ್ಟೇ ಇರುವ ಕಾರ್ಡುಗಳು ಮಾರಾಟವಾಗುತ್ತವೆ. ಜಾಗ ಮುಗಿದ ಮೇಲೂ ಅವು ಬರೆಯುತ್ತಿರುವಂತೆ ತೋರಿಸುತ್ತವೆ, ಆದರೆ ಕೇಳಲು ಹೋದಾಗ ಹಾಡು ಇರುವುದಿಲ್ಲ. ಹಳ್ಳಿಯಲ್ಲಿ ನಮಗಾಗಿ ಹಾಡಿದ ಅಜ್ಜಿ ಅದೇ ಹಾಡನ್ನು ಅದೇ ಬಗೆಯಲ್ಲಿ ಮತ್ತೊಮ್ಮೆ ಹಾಡುವಳೆಂಬ ಭರವಸೆ ಯಾರಿಗೂ ಇಲ್ಲ. ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲಿ ಕೊಂಡು, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ, ತಿರುಗಿ ಓದಿಸಿ ನೋಡಬೇಕು. 32 ಜಿಬಿ ತುಂಬಲು ಹೆಚ್ಚೆಂದರೆ ಒಂದು ಗಂಟೆ ಹಿಡಿದೀತು. ಪರೀಕ್ಷೆ ಮುಗಿದ ಬಳಿಕ ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಗಾಳಿಯಲ್ಲಿ ತೇವವೂ ಉಪ್ಪೂ ಇರುವುದರಿಂದ, ಬಳಸದಿರುವಾಗ ಕಾರ್ಡುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕಾರ್ಡು ಹೊತ್ತು ತರುವ ಚೀಲವೇ ಹೊರತು ಕಣಜವಲ್ಲ. ಮನೆಗೆ ಬಂದ ದಿನವೇ ಕಡತಗಳನ್ನು ಕಂಪ್ಯೂಟರಿಗೂ ಪ್ರತ್ಯೇಕ ಹಾರ್ಡ್ ಡಿಸ್ಕಿಗೂ ನಕಲಿಸಿ. 1 ಟಿಬಿಯ ಡಿಸ್ಕಿನಲ್ಲಿ ಇಂಥ 900ಕ್ಕೂ ಹೆಚ್ಚು ಗಂಟೆಗಳ ಧ್ವನಿ ಹಿಡಿಸುತ್ತದೆ. ಎರಡೂ ಪ್ರತಿಗಳ ಆದಿ, ನಡು, ಕೊನೆಗಳನ್ನು ಕೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಕಾರ್ಡನ್ನು ಅಳಿಸಬೇಕು.